ಗಾಳಿಯಲ್ಲಿ ನಿಂತ ಮಿಠಾಯಿ

ಕರಕೋಲಿನ ಸಂತೆಯಲ್ಲಿ ಅಂಗಡಿ ಅಂದರೆ
ಕಡಲಿಲ್ಲದ ನಾಡಿಗೆ ಬಂದು ತಂಗಿದ
ಹಡಗಿನ ತಗಡು ಪೆಟ್ಟಿಗೆ.
ಒಳಗೆ ಇಸ್ಮಾರ್, ಕಾಲಬುಡದಲ್ಲಿ ಕರೆಂಟು ಒಲೆ,
ಮೊಣಕಾಲ ಮೇಲೆ ಹುಳಿಖಾರದ ತಣ್ಣನೆ ಶ್ಯಾವಿಗೆ.
"ಬಾ ನುರ್ಜಾತ್, ಬಾಗಿಲು ಹಾಕು, ಚಳಿ."

ಲ್ಯಾಪ್‌ಟಾಪು ಓರೆ ಮಾಡಿ ಹಿಡಿದೆ,
ಭಾನುವಾರದ ದನದ ಸಂತೆಯಲ್ಲಿ
ಕುದುರೆಯ ತುಟಿ ಎತ್ತಿ ಹಲ್ಲು ತೋರಿಸುವವರ ಹಾಗೆ.
ಪಕ್ಕದಲ್ಲಿ ಮೂರು ತೂತು.
ಅವನು ಫೋರ್ಕಿನಿಂದಲೇ ಎಣಿಸಿದ:

"ಇದು ಯುಎಸ್‌ಬಿ. ಅಗ್ಗ. ಎಲ್ಲರ ಮನೆಯದು.
ಡಬ್ಬಿಯ ಮೇಲೆ ನಾನೂರ ಎಂಬತ್ತು ಅಂತ ಬರೆದಿರುತ್ತಾರೆ,
ಹೆಣ್ಣು ನೋಡುವಾಗ ಹುಡುಗನ ಸಂಬಳ ಹೇಳಿದ ಹಾಗೆ.
ಇದು ಈ-ಸಾಟಾ. ಓಟಕ್ಕೆ ಬಿಟ್ಟರೆ ಎದುರಿಲ್ಲ,
ಆದರೆ ಕರೆಂಟಿಗೆ ಬೇರೆ ವೈರು ಬೇಕು.
ನಿಮ್ಮ ಬೀದಿಯಲ್ಲಿ ಆರು ಗಂಟೆಗೆ ಹೋಗುತ್ತಲ್ಲ, ಹತ್ತರವರೆಗೆ?"

ಹೋಗುತ್ತೆ.

"ಹಾಗಾದರೆ ಫೈರ್‌ವೈರ್." ಫೋರ್ಕು ಕೆಳಗಿಟ್ಟ.
"ಇದು ಓಡುವುದಿಲ್ಲ. ನಡೆಯುತ್ತೆ.
ಆದರೆ ದಾರಿಯಲ್ಲಿ ಹರಟೆಗೆ ನಿಲ್ಲುವುದಿಲ್ಲ."

ಆ ತೂತಿನಲ್ಲಿ ಕ್ಯಾಮೆರಾ ಕೂತಿದೆ, ಅಂದೆ.
ಟೇಪು ಬೇರೆ ದಾರಿಯಲ್ಲಿ ಇಳಿಯಲೊಲ್ಲದು.
ಇರುವುದೊಂದು ಬಾಯಿ, ಇಬ್ಬರು ಹೇಗೆ ಮಾತಾಡಲಿ?

ಅವನು ಮೇಲಿನ ಹಲಗೆಯಿಂದ ಬೂದು ಬಣ್ಣದ ಪೆಟ್ಟಿಗೆ ಇಳಿಸಿ
ತಿರುಗಿಸಿ ಬೆನ್ನು ತೋರಿಸಿದ. ಅಲ್ಲಿ ಎರಡು ತೂತು.
"ಇತ್ತ ಲ್ಯಾಪ್‌ಟಾಪು, ಅತ್ತ ಕ್ಯಾಮೆರಾ,
ನಡುವೆ ಇವನು. ಕೈ ಕೈ ಹಿಡಿದುಕೊಳ್ಳುತ್ತವೆ."
ನಾಲ್ಕು ಸಾವಿರದ ಎಂಟುನೂರು ಸೋಮ್.
ಎರಡು ಮದುವೆಯ ಮುಂಗಡ.

ಯಾಕೆ ಬೇಕು ಅಂತ ಅವನಿಗೆ ಹೇಳಲಿಲ್ಲ.

ಭಾವನಿಂದ ಕಡ ತಂದ ಯುಎಸ್‌ಬಿ ಪೆಟ್ಟಿಗೆ,
ಒಂದು ಗಂಟೆ ಹನ್ನೆರಡನೇ ನಿಮಿಷ:
ಬುರುಲ್ ಅಜ್ಜಿ ಮದುಮಗಳ ತಲೆಯ ಮೇಲೆ
ಸೆರಗಿನಂಥ ಬಟ್ಟೆಯಿಂದ ಮಿಠಾಯಿ ಎರಚುತ್ತಾಳೆ.
ಹೆಂಗಸರ ಕೂಗು ಮುಂದೆ ಹೋಗಿಬಿಟ್ಟಿದೆ,
ಮಿಠಾಯಿ ಮೇಲೆಯೇ ನಿಂತಿದೆ.
ಕೆಂಪು ಕಾಗದದ್ದು ನಾಲ್ಕು, ಬಂಗಾರದ್ದು ಒಂದು,
ಒಂದು ಬಿಚ್ಚಿಕೊಂಡು, ನಾಚಿಕೆ ಬಿಟ್ಟು.
ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ,
ಇಲ್ಲಿ ಕೈ ಬಿಟ್ಟದ್ದೂ ನೆಲಕ್ಕೆ ಬರಲಿಲ್ಲ.
ಹನ್ನೊಂದು ರಾತ್ರಿ ಬೈದೆ.
ಮದುಮಗಳಿಗೆ ಆಗಲೇ ಮೂರು ತಿಂಗಳು,
ಅತ್ತೆ ದಿನಾ ಫೋನು ಮಾಡುತ್ತಾಳೆ: ಸಿನಿಮಾ ಎಲ್ಲಿ?

ಇನ್ನೂರು ಇಳಿಸಿದ. ವೈರು ಬಿಟ್ಟಿ ಕೊಟ್ಟ,
ಬೆರಳು ದಪ್ಪದ್ದು.

ಆರಕ್ಕೆ ಸರಿಯಾಗಿ ಬೀದಿ ಕತ್ತಲಾಯಿತು.
ಪೆಟ್ಟಿಗೆ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಪಾಲು ಪಡೆದು
ನಿದ್ದೆಯ ಮಗುವಿನಂತೆ ಮೆಲ್ಲಗೆ ಉಸಿರಾಡಿತು.
ಒಂದು ಗಂಟೆ ಹನ್ನೆರಡು.
ಅಜ್ಜಿ ಎರಚಿದಳು.
ಬಿದ್ದವು.
ಕೂಗಿನ ತಾಳಕ್ಕೆ, ಒಂದೂ ತಡವರಿಸದೆ,
ಎಲ್ಲ ಬಿದ್ದವು, ಮುಗಿಯಿತು.

ಮತ್ತೆ ಹಾಕಿದೆ. ಏನೋ ಇಲ್ಲ.

ಎಡಗಡೆ ಮೂಲೆಯ ಹುಡುಗ.
ಯಾರದೋ ದೊಡ್ಡ ಕೋಟು, ಒಂದು ಗುಂಡಿ ತಪ್ಪಿ ಹಾಕಿದ್ದು,
ಮುಂದಿನ ಹಲ್ಲಿಲ್ಲದ ಬಾಯಿ ತೆರೆದು
ಎರಡೂ ಕೈ ಮೇಲೆತ್ತಿ
ಹನ್ನೊಂದು ರಾತ್ರಿ ಆ ಮಿಠಾಯಿಯ ಕೆಳಗೇ ನಿಂತಿದ್ದ.
ನಾನು ಬೈಯುತ್ತಿದ್ದೆ, ಅವನು ನಂಬಿಕೊಂಡಿದ್ದ.
ಈಗ ಅರ್ಧ ಸೆಕೆಂಡು. ಆಮೇಲೆ
ಯಾರದೋ ಹೆಗಲು ಅಡ್ಡ.

ಅಲ್ಲಿ ಕತ್ತರಿಸಿದೆ. ಎಳೆದೆ.
ಅರ್ಧ ಸೆಕೆಂಡನ್ನು ಹಿಟ್ಟಿನ ಉಂಡೆಯಂತೆ
ನಾದಿ, ಹರಿಯದ ಹಾಗೆ,
ಎರಡು ಸೆಕೆಂಡು ಮಾಡಿದೆ.
ಹೆಗಲು ಬರಲಿ, ತಡವಾಗಿ ಬರಲಿ.

ಮುಂದಿನ ವಾರ ಸಂತೆಯಲ್ಲಿ ಇಸ್ಮಾರ್ ಕೇಳಿದ:
"ಈಗಲೂ ನಿಲ್ಲುತ್ತಾ?"
ಒಂದು ಕಡೆ, ಅಂದೆ.
ಅವನು ಶ್ಯಾವಿಗೆಯ ಬಟ್ಟಲು ಪಕ್ಕಕ್ಕಿಟ್ಟು
ಬೇರೆ ವೈರು ಹುಡುಕಲು ಎದ್ದ.